ಎರಡು ಹಲ್ಲಿನಷ್ಟು ಸುಳ್ಳು

ಮೂರ್ತಿಗಳೇ, ನಿಮ್ಮ ಕಾರಿನ ಸೊಟ್ಟ ಸ್ಟೇರಿಂಗ್ ನೆಟ್ಟಗೆ ಮಾಡಿಕೊಟ್ಟವನು ನಾನು. ನಿಮ್ಮ ಮನೆಯವರ ಕೈ ಮುರಿಯಲು ಕಾರಣನಾದವನೂ ನಾನೇ. ದತ್ತೋಬಾ ಅಲ್ಲ. ಇಷ್ಟು ವರ್ಷ ನೀವು ಶಪಿಸಿದ್ದು ಬೇರೆ ಮನುಷ್ಯನನ್ನು.

ನಿಮ್ಮ ಮೇಲೆ ನನಗೆ ಪ್ರೀತಿಯೇನೂ ಇಲ್ಲ — ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ತುಮಕೂರಿನಿಂದ ವರ್ಗವಾಗಿ ನಾಸಿಕಕ್ಕೆ ಬಂದ ಬ್ಯಾಂಕಿನ ಸಾಹೇಬರು ನೀವು. ಮರಾಠಿ ಬಾರದು, ಕಲಿಯುವ ಮನಸ್ಸೂ ಇರಲಿಲ್ಲ. ಗ್ಯಾರೇಜಿಗೆ ಬಂದರೆ "ಆ ಬಿಜಾಪುರದವನನ್ನ ಕರೀರಿ" ಎನ್ನುತ್ತಿದ್ದಿರಿ. ನನ್ನ ಹೆಸರು ಸಿದ್ರಾಮ ಎಂಬುದು ಎರಡು ವರ್ಷದಲ್ಲಿ ಒಮ್ಮೆಯೂ ನಿಮ್ಮ ಬಾಯಲ್ಲಿ ಬರಲಿಲ್ಲ. ಇರಲಿ. ಆದರೂ ನಾನು ಹಲ್ಲು ಕಡಿಯುತ್ತಿದ್ದದ್ದು ನಿಮ್ಮ ಮೇಲಲ್ಲ, ದತ್ತೋಬಾನ ಮೇಲೆ.

ಅವನು ನಮ್ಮ ಗ್ಯಾರೇಜಿನ ಹಿರಿಯ ಮಿಸ್ತ್ರಿ. ಚಕ್ರಗಳ ಅಲೈನ್‌ಮೆಂಟ್ ಎಂದರೆ ಅವನೇ ಆಗಬೇಕು — ದಾರ ಕಟ್ಟಿ, ಒಂದು ಕಣ್ಣು ಮುಚ್ಚಿ, ಅರ್ಧ ದಿನ ನೆಲ ಬಿಟ್ಟು ಏಳುತ್ತಿರಲಿಲ್ಲ. ನನ್ನ ಮರಾಠಿ ಅವನಿಗೆ ದಿನದ ತಮಾಷೆ. ನಮ್ಮ ಕನ್ನಡದಲ್ಲಿ ಗಾಡಿ 'ಬಂತು', ಗಂಡೂ ಅಲ್ಲ, ಹೆಣ್ಣೂ ಅಲ್ಲ. ಮರಾಠಿಯಲ್ಲಿ ಗಾಡಿ ಹೆಣ್ಣು. ನಾನು "ತೋ ಗಾಡಿ ಆಲಾ" ಎಂದು ಅದನ್ನು ಗಂಡು ಮಾಡಿದಾಗಲೆಲ್ಲ, ಗಿರಾಕಿಗಳ ಮುಂದೆಯೇ "ಏ ಕಾನಡಿ, ಗಾಡೀಲಾ ಮಿಶಾ ಫುಟಲ್ಯಾ ಕಾ?" — ಏ ಕನ್ನಡದವನೇ, ಗಾಡಿಗೆ ಮೀಸೆ ಬಂತೇನೋ — ಎಂದು ಎಲ್ಲರನ್ನೂ ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಮೈ ಉರಿಯುತ್ತಿತ್ತು.

ಆ ದಿನ ಅಲೈನ್‌ಮೆಂಟ್ ಮುಗಿದ ಮೇಲೆ ನೀವು ಒಂದು ಸುತ್ತು ಓಡಿಸಿಕೊಂಡು ಬಂದಿರಿ. ಗಾಡಿ ನೇರ ಹೋಗುತ್ತಿತ್ತು, ಸ್ಟೇರಿಂಗ್ ಮಾತ್ರ ಬಲಕ್ಕೆ ವಾಲಿತ್ತು. ನೀವು ಕೂಗಾಡಿದಿರಿ. ದತ್ತೋಬಾ ಕೈ ಒರೆಸಿಕೊಳ್ಳುತ್ತ ಬಂದು, ನಿಮಗೆ ತಿಳಿಸೆಂದು ನನಗೆ ಹೇಳಿದ: "ಚಾಕಂ ಸರಳ ಆಹೇತ. ಸ್ಟೇರಿಂಗ್ ವಾಕಡಂಚ ರಾಹೂ ದೇ." ಚಕ್ರ ನೇರವಾಗಿವೆ, ಸ್ಟೇರಿಂಗ್ ಸೊಟ್ಟಗೇ ಇರಲಿ. ಅದನ್ನು ನಡುವಿಗೆ ತರಬೇಕಾದರೆ ಎಡಚಕ್ರವನ್ನು ಸ್ಟೇರಿಂಗಿಗೆ ಜೋಡಿಸುವ ರಾಡನ್ನು ಇನ್ನೂ ಹೊರಕ್ಕೆ ತಿರುಗಿಸಬೇಕು. ಅದರ ಥ್ರೆಡ್ ಸವೆದಿದೆ, ಈಗಲೇ ಕಷ್ಟಪಟ್ಟು ಹಿಡಿದಿದೆ. ಹೊಸ ರಾಡ್ ಒಂದು ವಾರದಲ್ಲಿ ಬರುತ್ತದೆ, ಅಲ್ಲಿಯವರೆಗೆ ಊರು ದಾಟಬೇಡಿ. ಸೊಟ್ಟ ಸ್ಟೇರಿಂಗ್ ದಿನಾ ಕಣ್ಣಿಗೆ ಬಿದ್ದರೆ ಸಾಹೇಬರು ಮರೆಯುವುದಿಲ್ಲ — ಇದಿಷ್ಟೂ ಅವನ ಮಾತು.

ನಿಮ್ಮ ಕಿವಿಗೆ ಬಿದ್ದದ್ದು ಒಂದೇ ಪದ. "ಸರಳ ಅಂದನಲ್ಲ ಅವನು? ಸರಳವಾಗಿದ್ರೆ ಮಾಡೋಕೇನು ರೋಗ?"

ಮರಾಠಿಯ ಸರಳ ಎಂದರೆ ನೇರ, ಸುಲಭವಲ್ಲ. ಅಷ್ಟು ಹೇಳಿದ್ದರೆ — ನಾನು ಹೇಳಿದ್ದು ಹೀಗೆ: "ರೋಗ ಏನಿಲ್ರಿ, ಮೈಗಳ್ಳ ಅದಾನ. ನಾ ಮಾಡಿಕೊಡ್ತೀನ್ರಿ."

ಅವನು ಊಟಕ್ಕೆ ಹೋದಾಗ ಸ್ಟೇರಿಂಗಿನ ನಟ್ಟು ಬಿಚ್ಚಿ, ಸ್ಟೇರಿಂಗನ್ನು ಅದರ ದಂಡದಿಂದ ಎಳೆದು ತೆಗೆದು, ದಂಡದ ಮೇಲಿನ ಹಲ್ಲುಗಳಲ್ಲಿ ಎರಡು ಹಲ್ಲು ಎಡಕ್ಕೆ ಸರಿಸಿ ಮತ್ತೆ ಕೂರಿಸಿದೆ. ಹತ್ತು ನಿಮಿಷದ ಕೆಲಸ. ಕೆಳಗೆ ಸವೆದ ರಾಡು ಇದ್ದ ಹಾಗೆಯೇ ಇತ್ತು. ಅವನು ಬೇಕೆಂದೇ ಬಿಟ್ಟಿದ್ದ ಎಚ್ಚರಿಕೆಯನ್ನು ಮಾತ್ರ ನಾನು ಅಳಿಸಿದ್ದೆ. ನೀವು ನನ್ನ ಬೆನ್ನು ತಟ್ಟಿದಿರಿ. ರಾಡು ಕಳಚುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಹೊರಟಿದ್ದೆ — ಬೇಡ. ಆ ಥ್ರೆಡ್ಡನ್ನು ನಾನು ಬೆರಳಿನಿಂದ ಮುಟ್ಟಿ ನೋಡಿದ್ದೆ.

ಮೂರನೆಯ ದಿನ ನೀವು ಗಂಡಹೆಂಡತಿ ಔರಂಗಾಬಾದಿಗೆ ಹೊರಟಿರಿ — ಸಂಭಾಜಿನಗರಕ್ಕೆ ಆಗ ಅದೇ ಹೆಸರು. ದಾರಿಯ ಯೇವಲಾ ಊರು ಇನ್ನೂ ಮುಂದಿರುವಾಗಲೇ ರಾಡು ಕಳಚಿ ಗಾಡಿ ಬೇವಿನ ಮರಕ್ಕೆ ಹೊಡೆಯಿತು. ನಿಮ್ಮವರ ಬಲಗೈ ಮತ್ತೆ ಪೂರ್ತಿ ಚಾಚಲು ಬರಲಿಲ್ಲವೆಂದು ಆಮೇಲೆ ನೀವೇ ಹೇಳಿದಿರಿ.

ಹಣೆಗೆ ಪಟ್ಟಿ ಕಟ್ಟಿಕೊಂಡು ನೀವು ಗ್ಯಾರೇಜಿಗೆ ಬಂದು ದತ್ತೋಬಾನ ಅಂಗಿ ಹಿಡಿದಾಗ ಅವನು ನಿಮ್ಮನ್ನು ನೋಡಲಿಲ್ಲ, ನನ್ನನ್ನು ನೋಡಿದ. "ತೂ ಸಾಂಗಿತಲಂಸ ನಾ ತ್ಯಾಂನಾ?" — ನೀನು ಅವರಿಗೆ ಹೇಳಿದ್ದೆಯಲ್ಲವೇ?

"ಹೋ, ಸಾಂಗಿತಲಂ" ಎಂದೆ, ಹೇಳಿದ್ದೆ ಎಂದು. ನಂತರ ನಿಮ್ಮ ಕಡೆ ತಿರುಗಿ ಕನ್ನಡದಲ್ಲಿ, "ತನ್ನದ ತಪ್ಪಾತು ಅನ್ನಾಕತ್ತಾನ್ರಿ" ಎಂದೆ.

ಇಬ್ಬರ ನಡುವೆ ನಿಂತು ಇಬ್ಬರಿಗೂ ಬೇರೆ ಬೇರೆ ಸುಳ್ಳು ಹೇಳಿದೆ. ಅವನು ಒಪ್ಪಿಕೊಂಡನೆಂದು ನೀವು ಇನ್ನಷ್ಟು ಬೈದಿರಿ. ಹೇಳಿದ ಮೇಲೂ ಗಾಡಿ ಓಡಿಸಿ ಬಂದು ಬೈಯುತ್ತಾರಲ್ಲ ಎಂದು ಅವನು ಬೆರಗಾಗಿ ನಿಂತಿದ್ದ. ಮಾಲೀಕ ಅಂದೇ ಅವನನ್ನು ಕೆಲಸದಿಂದ ತೆಗೆದ. ನಾಸಿಕದಲ್ಲಿ ಮತ್ತಾರೂ ಅವನ ಕೈಗೆ ಸ್ಟೇರಿಂಗ್ ಕೆಲಸ ಕೊಡಲಿಲ್ಲ. ಅವನ ಜಾಗ ನನಗೆ ಬಂತು. ಅದೇ ದಾರ ಕಟ್ಟಿ, ಒಂದು ಕಣ್ಣು ಮುಚ್ಚಿ ಇಪ್ಪತ್ತು ವರ್ಷ ದುಡಿದೆ.

ಈಗ ಅವನು ಸಂಭಾಜಿನಗರದ ಹೊರಗೆ ರಸ್ತೆಬದಿ ಪಂಕ್ಚರ್ ಹಾಕುತ್ತಾನೆ. ಹೋದ ತಿಂಗಳು ಬಸ್ಸಿನ ಕಿಟಕಿಯಿಂದ ನೋಡಿದೆ. ಇಳಿಯಲಿಲ್ಲ.

ನಿಮ್ಮ ಕ್ಷಮೆ ನನಗೆ ಬೇಡ. ಕೊಟ್ಟರೂ ಅದನ್ನಿಟ್ಟುಕೊಂಡು ಏನು ಮಾಡಲಿ. ಈ ಕಾಗದವನ್ನು ಕನ್ನಡದಲ್ಲಿ ಬರೆದೆ — ಅವನಿಗೆ ಓದಲು ಬಾರದ ಭಾಷೆಯಲ್ಲಿ. ಇದೂ ನನ್ನ ಹಳೆಯ ಚಾಳಿಯೇ. ಹಾಗಾಗಿ ನಾಳೆ ಬೆಳಗಿನ ಬಸ್ಸಿಗೆ ಅವನ ಬಳಿಗೇ ಹೋಗುತ್ತೇನೆ. ಮರಾಠಿಯಲ್ಲಿ ತಪ್ಪಿಗೆ ಚೂಕ ಎನ್ನುತ್ತಾರೆ, ಗಾಡಿಯ ಹಾಗೆ ಅದೂ ಹೆಣ್ಣು. "ಚೂಕ ಮಾಝೀ ಹೋತೀ" — ತಪ್ಪು ನನ್ನದಾಗಿತ್ತು. ನಾಲ್ಕು ದಿನದಿಂದ ಬಾಯಿಪಾಠ ಮಾಡುತ್ತಿದ್ದೇನೆ. ಇದೊಂದನ್ನಾದರೂ ಅವನು ತಿದ್ದುವಂತಾಗಬಾರದು.