ನಲ್ಲಿ ಜಗಳ ಬರೆದ ಹುಡುಗಿ

ಆಂಡರ್ಸನ್‌ಪೇಟೆಯ ಒಂದು ಸಣ್ಣ ಕನ್ನಡ ಶಾಲೆಗೆ ಟೀಚರಾಗಿ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಮನೆ ಬಂಗಾರಪೇಟೆಯಲ್ಲಿ. ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ ಹೋಗುವುದು, ಸಂಜೆ ರೈಲಿನಲ್ಲೇ ವಾಪಸ್ಸು. ಅಷ್ಟು ಹೊತ್ತಿಗಾಗಲೇ ನನ್ನ ಎರಡು ಪದ್ಯಗಳು ಒಂದು ವಾರಪತ್ರಿಕೆಯ ಮಕ್ಕಳ ಪುಟದಲ್ಲಿ ಅಚ್ಚಾಗಿದ್ದವು. ಅಪ್ಪ ಆ ಪುಟಗಳನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು, ಹಾಲಿನವನಿಂದ ಹಿಡಿದು ಸ್ಟೇಷನ್ ಮಾಸ್ಟರ್‌ವರೆಗೆ ಕಂಡಕಂಡವರಿಗೆಲ್ಲ ತೋರಿಸಿದ್ದರು. ಹೀಗಾಗಿ ಆ ಚಿನ್ನದ ಗಣಿ ಊರಿನ ಮಕ್ಕಳನ್ನೆಲ್ಲ ಸಾಹಿತಿಗಳನ್ನಾಗಿ ಮಾಡಲೆಂದೇ ಸರ್ಕಾರ ನನ್ನನ್ನು ಆರಿಸಿ ಕಳಿಸಿದೆ ಎಂದು ನಂಬಿದ್ದೆ. ಸರ್ಕಾರಕ್ಕೆ ಅಂಥ ಉದ್ದೇಶವೇನೂ ಇದ್ದಂತಿರಲಿಲ್ಲ. ಖಾಲಿ ಇದ್ದ ಜಾಗಕ್ಕೆ ಹಾಕಿತ್ತು, ಅಷ್ಟೆ.

ನನ್ನ ಪಾಲಿಗೆ ಬಂದದ್ದು ಐದನೇ ಕ್ಲಾಸು. ಮೊದಲ ವಾರವೇ 'ನಮ್ಮ ಮನೆ' ಎಂಬ ಪ್ರಬಂಧ ಬರೆಯಲು ಹೇಳಿದೆ. ನೋಟ್‌ಬುಕ್ಕುಗಳ ಕಟ್ಟನ್ನು ತಂದು ರೈಲಿನಲ್ಲಿ ಬಿಚ್ಚಿದರೆ, ಎಲ್ಲರ ಮನೆಯೂ ದೊಡ್ಡದು. ಎಲ್ಲರ ಮನೆಯ ಮುಂದೂ ಗುಲಾಬಿ ತೋಟ. ಎಲ್ಲರ ತಂದೆಯೂ ಬೆಳಿಗ್ಗೆ ಎದ್ದು ಆರಾಮಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಾರೆ. ನಿಜವೆಂದರೆ ಆ ಮಕ್ಕಳ ತಂದೆಯರು ಆ ಹೊತ್ತಿಗೆ ಗಣಿಯೊಳಗೆ ನೆಲದಡಿಯಲ್ಲಿರುತ್ತಿದ್ದರು. ಮನೆಗಳೋ, ಗಣಿಯವರು ಕೂಲಿಗಳಿಗೆಂದು ಕಟ್ಟಿಸಿದ ಲೈನಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ ಒಂದೊಂದೇ ಕೋಣೆಯವು.

"ಯಾರ ಮನೆ ಮುಂದೆ ಗುಲಾಬಿ ತೋಟ ಇದೆ, ಕೈ ಎತ್ತಿ" ಎಂದೆ ಮಾರನೆಯ ದಿನ ಕ್ಲಾಸಿನಲ್ಲಿ.

ಯಾರೂ ಎತ್ತಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ನನಗೆ ಸಮಾಧಾನ ಹೇಳಿದ: "ಗೈಡ್‌ನಾಗೆ ಐತೆ ಟೀಚರ್."

ಆವತ್ತು ನಾನು ಕುರ್ಚಿಯಿಂದೆದ್ದು ಒಂದು ಭಾಷಣ ಮಾಡಿದೆ. ಗೈಡು ಮುಟ್ಟಬೇಡಿ, ಕಣ್ಣಿಗೆ ಕಂಡದ್ದನ್ನು ಬರೆಯಿರಿ, ಕಿವಿಗೆ ಬಿದ್ದದ್ದನ್ನು ಬರೆಯಿರಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಮಕ್ಕಳು ಗಂಭೀರವಾಗಿ ಕೇಳಿದರು. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹುಡುಗಿ ಮಾತ್ರ ಎದ್ದುನಿಂತು ಕೇಳಿದಳು: "ಕಿವಿಗೆ ಬಿದ್ದದ್ದೆಲ್ಲಾ ಬರೀಬೋದಾ ಟೀಚರ್?"

"ಎಲ್ಲಾ" ಎಂದೆ. ಯಾಕೆ ಕೇಳುತ್ತಿದ್ದೀಯ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ಆ ಹುಡುಗಿಯದು ಬೂದಿಕೋಟೆ ಕಡೆಯ ಸಂಸಾರ. ಅಪ್ಪನಿಗೆ ಗಣಿಯಲ್ಲಿ ಕೆಲಸ ಸಿಕ್ಕ ಮೇಲೆ ಲೈನಿಗೆ ಬಂದವರು. ಅವಳ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಬರೆಯುವಾಗ ನನಗೆ ಸಂತೋಷವಾಗಲೆಂದು, ಬಿಟ್ಟ ಹಕಾರಗಳನ್ನೆಲ್ಲ ತಂದು ಸಿಕ್ಕಸಿಕ್ಕಲ್ಲಿ ಸೇರಿಸುತ್ತಿದ್ದಳು. ಮುಂದಿನ ವಾರ ಅವಳು ಬರೆದು ತಂದ 'ನಲ್ಲಿ' ಎಂಬ ಪ್ರಬಂಧ ಶುರುವಾಗಿದ್ದೇ ಹೀಗೆ: "ಮನೆಯಲ್ಲಿ ಹಕ್ಕಿ ತೊಳೆಯಲು ನೀರಿರಲಿಲ್ಲ."

ಹಕ್ಕಿಯನ್ನು ಅಕ್ಕಿ ಮಾಡಿಕೊಂಡು ಮುಂದೆ ಓದಿದೆ. ಓದುತ್ತ ಓದುತ್ತ ಕೆಂಪು ಪೆನ್ಸಿಲ್ ಕೆಳಗಿಟ್ಟೆ. ಲೈನಿನ ನಲ್ಲಿಯ ಮುಂದೆ ಕೊಡಗಳ ಸಾಲು. ಪಕ್ಕದ ಮನೆಯಾಕೆ ತನ್ನ ಕೊಡವನ್ನು ಕಾಲಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳುತ್ತಾಳೆ. ಹುಡುಗಿಯ ತಾಯಿ ನೋಡಿಬಿಡುತ್ತಾಳೆ. ಮಾತಿಗೆ ಮಾತು ಬೆಳೆಯುತ್ತದೆ. ಹುಡುಗಿಯ ತಾಯಿಯ ಸೀರೆ ಹರಿದಿದ್ದದ್ದು, ಪಕ್ಕದ ಮನೆಯಾಕೆ ಸೊಂಟಕ್ಕೆ ಕೈಕೊಟ್ಟು ನಿಂತದ್ದು, ಎಲ್ಲವೂ ಅದರಲ್ಲಿತ್ತು. ಕೊನೆಗೆ ಆಕೆ "ನಿನ್ನ ಕೊಡ ನೋಡು, ನಿನ್ನಂಗೇ ಸೊಟ್ಟ" ಎನ್ನುತ್ತಾಳೆ. ಅದಕ್ಕೆ ಹುಡುಗಿಯ ತಾಯಿ, "ಸೊಟ್ಟ ಕೊಡದಾಗೂ ನೀರು ನಿಂತ್ಕೊಳ್ತದೆ. ನಿನ್ನ ಬಾಯಾಗೆ ಒಂದು ಮಾತು ನಿಂತ್ಕಳಲ್ಲ" ಎನ್ನುತ್ತಾಳೆ. ಪಕ್ಕದ ಮನೆಯಾಕೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಾಳೆ. ಮುಗಿಯಿತು.

ಸಂಜೆ ರೈಲಿನಲ್ಲಿ ನನ್ನ ಅಚ್ಚಾದ ಪದ್ಯಗಳು ಬೇಡವೆಂದರೂ ನೆನಪಾದವು. ಒಂದು ಹಂಸದ ಮೇಲೆ, ಇನ್ನೊಂದು ತಾವರೆಕೊಳದ ಮೇಲೆ. ನಾನು ಹಂಸವನ್ನು ನೋಡಿದ್ದು ಬಿಸ್ಕತ್ ಡಬ್ಬಿಯ ಮುಚ್ಚಳದಲ್ಲಿ ಮಾತ್ರ. ಕಿಟಕಿಯ ಆಚೆ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಸರಿದುಹೋಗುವವರೆಗೂ ತಲೆ ತಗ್ಗಿಸಿ ಕೂತಿದ್ದೆ.

ಮಾರನೆಯ ದಿನ ಆ ಪ್ರಬಂಧವನ್ನು ಇಡೀ ಕ್ಲಾಸಿಗೆ ಗಟ್ಟಿಯಾಗಿ ಓದಿದೆ. ಮಕ್ಕಳು ಬೆಂಚು ಬಡಿದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಎರಡನೇ ಬೆಂಚಿನ ಒಬ್ಬ ಹುಡುಗಿ. ಅವಳು ಆ ಪಕ್ಕದ ಮನೆಯಾಕೆಯ ಮಗಳು ಎಂದು ನನಗೆ ಗೊತ್ತಾದದ್ದು ಅದರ ಮಾರನೆಯ ಬೆಳಿಗ್ಗೆ, ಇಬ್ಬರು ತಾಯಂದಿರೂ ಜೊತೆಯಾಗಿ ಶಾಲೆಯ ಗೇಟು ದಾಟಿ ಬಂದಾಗ.

ಹೆಡ್ಮಾಸ್ಟರು ನನ್ನನ್ನು ಕರೆಸಿದರು. ಪ್ರಬಂಧ ಎಂದರೆ ತಾವು ಬೋರ್ಡಿನ ಮೇಲೆ ಬರೆದದ್ದನ್ನು ಮಕ್ಕಳು ತಪ್ಪಿಲ್ಲದೆ ಇಳಿಸಿಕೊಳ್ಳುವುದು ಎಂದು ತಿಳಿದಿದ್ದ ಮನುಷ್ಯ ಅವರು.

"ಏನಮ್ಮಾ ಇದು? ಜಗಳ ಬರೆಯೋದು ಕಲಿಸ್ತಾ ಇದೀರಂತೆ?"

ಪಕ್ಕದ ಮನೆಯಾಕೆ ಲೈನಿನಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡಕ್ಕೆ ತಮಿಳು ಧಾರಾಳವಾಗಿ ಬೆರೆತಿತ್ತು. ಅವಳೇ ಮೊದಲು ಬಾಯಿ ತೆರೆದಳು.

"ಜಗಳ ಬರ್ದಿದ್ದಕ್ಕೆ ಬೇಜಾರಿಲ್ಲ ಟೀಚರಮ್ಮ. ಜಗಳ ಆಡಿದ್ವಿ, ಬರ್ದವಳೆ. ಆನಾ, ನಾನು ಬಾಯಿ ಮುಚ್ಕೊಂಡು ಮನೆಗೆ ಓದೆ ಅಂತ ಬರ್ದವಳಲ್ಲ! ನಾನು ಬಾಯಿ ಮುಚ್ಕೊಂಡು ಓಗೋಳಾ? ನೀವೇ ಯಾರ್ನಾದ್ರೂ ಕೇಳಿ."

ಹುಡುಗಿಯ ತಾಯಿಗೆ ಬೇರೆ ದೂರಿತ್ತು. "ನನ್ನ ಸೀರೆ ಅರ್ದಿತ್ತು ಅಂತ ಬರ್ದವಳಂತೆ. ಅರ್ದಿರ್ಲಿಲ್ಲ ತಾಯಿ. ಒಲ್ದಿತ್ತು."

ಹೆಡ್ಮಾಸ್ಟರು ಹುಡುಗಿಯನ್ನು ಕರೆಸಿದರು. ಅವಳು ಬಂದು ಗೋಡೆಗೆ ಒತ್ತಿಕೊಂಡು ನಿಂತಳು.

"ಇದರಲ್ಲಿ ನಿಜ ಯಾವುದು, ಸುಳ್ಳು ಯಾವುದು? ಹೇಳು."

"ಎಲ್ಲಾ ನಿಜಾನೇ ಸಾರ್."

"ನಿಮ್ಮಮ್ಮ ಆ ಕೊನೇ ಮಾತು ಅಂದದ್ದು?"

"ಅದೂ ನಿಜಾನೇ. ಆದ್ರೆ ಅಲ್ಲಿ ಅನ್ಲಿಲ್ಲ." ಅವಳು ತಾಯಿಯ ಕಡೆ ನೋಡಿದಳು. "ನಲ್ಲಿ ತಾವ ಅವ್ವನಿಗೆ ಏನೂ ಒಳೀಲಿಲ್ಲ ಸಾರ್. ಅತ್ಕೊಂಡು ಬಂದ್ಬಿಟ್ಲು. ಮನೆಗ್ ಬಂದು ಒಲೆ ಮುಂದೆ ಕೂತ್ಕೊಂಡ್ಮೇಲೆ ಆ ಮಾತು ಬಂತು. ಪಾಪ, ಅಲ್ಲಿ ಯಾರೂ ಇರ್ಲಿಲ್ಲ ಕೇಳಕ್ಕೆ. ಅದುಕ್ಕೆ ನಾನೇ ಅದ್ನ ತಕ್ಕೊಂಡೋಗಿ ನಲ್ಲಿ ತಾವ ಇಟ್ಟೆ."

ಹುಡುಗಿಯ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನೀನೆಲ್ಲಿದ್ಯೇ ಆವಾಗ?"

"ಮೂಲೇಲಿ ಮಗ್ಗಿ ಬರೀತಿದ್ದೆ."

ನಾನು ಟ್ರೈನಿಂಗ್‌ನಲ್ಲಿ ಪ್ರಬಂಧ ಬೋಧನೆ ಎಂಬ ವಿಷಯದಲ್ಲಿ ಒಳ್ಳೆಯ ಅಂಕ ತೆಗೆದವಳು. ಕಥೆ ಹೇಗೆ ಹುಟ್ಟುತ್ತದೆ ಎಂದು ಅಲ್ಲಿ ಯಾರೂ ನನಗೆ ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಪಕ್ಕದ ಮನೆಯಾಕೆ ಕಿಸಕ್ಕನೆ ನಕ್ಕುಬಿಟ್ಟಳು. "ಅಪ್ಪಡಿಯಾ! ಒಲೆ ಮುಂದೆ ಅಂದಿದ್ದಾ? ನನ್ನೆದುರಿಗೆ ಅಂದಿದ್ರೆ ನಾನು ಬಿಡ್ತಿದ್ನಾ?"

ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ರುಚಿ ಹತ್ತಿತ್ತೋ ಏನೋ. "ಬಿಡದೆ ಏನು ಅಂತಿದ್ದಿರಮ್ಮ?" ಎಂದರು.

ಆಕೆ ಸೊಂಟಕ್ಕೆ ಕೈಕೊಟ್ಟಳು. ಬಾಯಿ ತೆರೆದಳು. ಮುಚ್ಚಿದಳು. ಸೂರು ನೋಡಿದಳು. "ಈಗ ಒಳೀತಿಲ್ಲ. ನಾಳೆ ಬಂದು ಏಳ್ತೀನಿ."

ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನ, ನಾನು ಭೂಗೋಳ ಹೇಳಿಕೊಡುತ್ತಿದ್ದಾಗ, ಕಿಟಕಿಯ ಸರಳಿನಾಚೆ ಅವಳ ಮುಖ ಕಾಣಿಸಿತು. ಏದುಸಿರು ಬಿಡುತ್ತಿದ್ದಳು.

"ಬರ್ಕೊಳ್ಳಮ್ಮಾ" ಎಂದಳು ಆ ಹುಡುಗಿಗೆ. "ನೀರೇನೋ ನಿಂತ್ಕೊಳ್ತದೆ. ಸೊಟ್ಟ ಕೊಡ ನಿಂತ್ಕೊಳ್ತದಾ?"

ಅಷ್ಟು ಹೇಳಿ, ದೊಡ್ಡ ಭಾರ ಇಳಿಸಿದವಳ ಹಾಗೆ ಹೊರಟುಹೋದಳು.

ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. ಮುಖ ಚಿಕ್ಕದಾಗಿತ್ತು. "ಟೀಚರ್, ಇದು ಚೆನ್ನಾಗೈತೆ. ಬರೆದ್ರೆ ನಮ್ಮವ್ವ ಸೋಲ್ತಾಳೆ. ಬರೀದಿದ್ರೆ ಅತ್ತೆಗೆ ಮೋಸ." ಪಕ್ಕದ ಮನೆಯಾಕೆಯನ್ನು ಅವಳು ಅತ್ತೆ ಎಂದೇ ಕರೆಯುತ್ತಿದ್ದಳು.

ಟೀಚರುಗಳು ಉತ್ತರ ಗೊತ್ತಿಲ್ಲದಾಗ ಹೇಳುವುದನ್ನೇ ಹೇಳಿದೆ: "ನೀನೇ ಯೋಚನೆ ಮಾಡು."

ಅವಳು ಊಟದ ಬಿಡುವಿನಲ್ಲೂ ಏಳಲಿಲ್ಲ. ಪೆನ್ಸಿಲ್ ತುದಿ ಕಚ್ಚುತ್ತ ಕೂತಿದ್ದಳು. ಮಧ್ಯಾಹ್ನದ ಪೀರಿಯಡ್ಡಿನಲ್ಲಿ ನೋಟ್‌ಬುಕ್ಕು ತಂದಿಟ್ಟಳು. ಸೀರೆಯನ್ನು 'ಹೊಲಿದ ಸೀರೆ' ಎಂದು ತಿದ್ದಿದ್ದಳು, ಹಕಾರ ಸರಿಯಾಗಿ ಬಿದ್ದಿತ್ತು. ಅತ್ತೆಯ ಮಾತನ್ನೂ ಬಿಡದೆ ಬರೆದಿದ್ದಳು. ಅದರ ಕೆಳಗೆ ಒಂದೇ ಒಂದು ಹೊಸ ಸಾಲು: "ಅಷ್ಟರಲ್ಲಿ ನಲ್ಲಿಯಲ್ಲಿ ನೀರು ನಿಂತುಹೋಯಿತು."

ಆ ಸಾಲನ್ನು ಹೆಡ್ಮಾಸ್ಟರಿಗೆ ತೋರಿಸಿದೆ. ಅವರು ಎರಡು ಸಲ ಓದಿ, "ಶುಕ್ರವಾರ ಕೊನೇ ಪೀರಿಯಡ್ ನೀವು ಇಟ್ಟುಕೊಳ್ಳಿ. ಬೋರ್ಡಿನ ಮೇಲೆ ಬರೆಸೋದೇನೂ ಬೇಡ" ಎಂದರು.

ಆ ವರ್ಷವೆಲ್ಲ ಶುಕ್ರವಾರಗಳು ಚೆನ್ನಾಗಿ ನಡೆದವು. ಲೈನಿನ ಮನೆಗಳಲ್ಲಿ ಮಾತ್ರ, ಐದನೇ ಕ್ಲಾಸಿನ ಮಕ್ಕಳು ಒಳಗೆ ಬಂದರೆ ದೊಡ್ಡವರು ಮಾತು ನಿಲ್ಲಿಸುತ್ತಾರೆ ಎಂಬ ಸುದ್ದಿ ನನ್ನ ಕಿವಿಗೂ ಬಿತ್ತು.

ಎರಡು ವರ್ಷದ ಮೇಲೆ ನನಗೆ ಬಂಗಾರಪೇಟೆಗೇ ವರ್ಗವಾಯಿತು. ಆಮೇಲೆ ಒಂದು ದಿನ ಸ್ಟೇಷನ್ನಿನಲ್ಲಿ ಯಾರನ್ನೋ ಕಳಿಸಲು ಹೋಗಿದ್ದಾಗ ಆ ಹುಡುಗಿಯ ತಾಯಿ ಸಿಕ್ಕಿದಳು. ಬೂದಿಕೋಟೆ ಬಸ್ಸಿಳಿದು ಮಾರಿಕುಪ್ಪಂ ರೈಲಿಗೆ ಓಡುತ್ತಿದ್ದಳು. ಮಗಳು ಹೇಗಿದ್ದಾಳೆ ಎಂದೆ.

"ಚೆನ್ನಾಗವಳೆ ತಾಯಿ. ಲೈನಿನೋರ್ದೆಲ್ಲಾ ಕಾಗದ ಅವಳೇ ಬರ್ಕೊಡದು. ಆದ್ರೆ ಏಳಿದಂಗೆ ಬರಿಯಾಕಿಲ್ಲ. ನಮ್ ಪಕ್ಕದ್ಮನೆಯೋಳು, ತನ್ ಗಂಡನ ತಾಯಿ ಊರಿಂದ ಬರೋದು ಬ್ಯಾಡ ಅಂತ ಒಂದು ಕಾಗದ ಬರೆಸಿದ್ಲು. ಇವಳು ಅದ್ನ ಬೋ ಚೆಂದಾಗಿ ಬರ್ದವಳೆ."

"ಆಮೇಲೆ?"

"ಆಮೇಲೇನು? ಕಾಗದ ಓದಿಸ್ಕೊಂಡು ಆ ಮುದುಕಿ ಕಣ್ಣೀರಾಕ್ಕೊಂಡು ಬಂದ್ಬಿಡ್ತು. ಬಂದು ಮೂರು ತಿಂಗಳಾಯ್ತು. ಓಗ್ತಾನೇ ಇಲ್ಲ" ಎಂದವಳೇ ಗಾರ್ಡು ಸೀಟಿ ಊದಿದ್ದು ಕೇಳಿ, ಗಂಟು ಎತ್ತಿಕೊಂಡು ರೈಲು ಹತ್ತಿಬಿಟ್ಟಳು.