ಕಪ್ಪೆಯ ಕಾಲಿನ ಕೆಂಪು ದಾರ

ದಾರ ಕೆಂಪಗಿತ್ತು ಎಂದು ನಾನು ಆಣೆ ಮಾಡಿ ಹೇಳಲಾರೆ. ಹೋದ ವಾರ ಹೆಂಡತಿ ತನ್ನ ಇಳಕಲ್ ಸೀರೆಯ ಸೆರಗಿನಿಂದ ಜೋತಾಡುತ್ತಿದ್ದ ಎಳೆಯೊಂದನ್ನು ಕತ್ತರಿಸಿ ಬಿಸಾಡಿದಳು. ಅದನ್ನೆತ್ತಿ ಬೆಳಕಿಗೆ ಹಿಡಿದಾಗ ಮೂಗಿಗೆ, ಸತ್ತ ಪ್ರಾಣಿಗಳನ್ನು ಕೆಡದಂತೆ ಇಡುವ ಫಾರ್ಮಾಲಿನ್ ವಾಸನೆ ಬಡಿಯಿತು. ರೇಷ್ಮೆಗೆ ಆ ವಾಸನೆ ಎಲ್ಲಿಂದ ಬರಬೇಕು? ನನ್ನ ಮೂಗನ್ನೂ ಈಗ ನಂಬುವಂತಿಲ್ಲ, ನೋಡಿ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಪ್ರಾಣಿಶಾಸ್ತ್ರದ ಸರ್ ನೈಜೀರಿಯಾದಲ್ಲಿ ಕೆಲವು ವರ್ಷ ಪಾಠ ಹೇಳಿ ಬಾಗಲಕೋಟೆಗೆ ಮರಳಿದ್ದರು. ಅಲ್ಲಿನ ಕಪ್ಪೆಗಳು ಅವರ ಪಡಸಾಲೆಯ ಗಾಜಿನ ಬರಣಿಗಳಲ್ಲಿ ತೇಲುತ್ತಿದ್ದವು. ಯಾವುದು ಯಾವ ಕುಲದಿಂದ ಕವಲೊಡೆಯಿತು, ಯಾವುದಕ್ಕೆ ಯಾವುದು ನೆಂಟ ಎಂದು ವಿಂಗಡಿಸುವುದು ಅವರ ಹುಚ್ಚು. ಎಂ.ಎಸ್ಸಿ. ಮುಗಿಸಿ, ಅನುಮಾನಿಸುವುದೇ ವಿದ್ಯೆ ಎಂದುಕೊಂಡಿದ್ದ ನಾನು ಅವರ ಸಹಾಯಕ. ಅವರ ಲೇಖನದಲ್ಲಿ ನನ್ನ ಹೆಸರೂ ಸೇರುವುದಿತ್ತು. ಕಪ್ಪೆ ನೈಜೀರಿಯಾದ್ದಲ್ಲವೆಂದಾದರೆ ಇಬ್ಬರ ಮಾನವೂ ಹೋದಂತೆ.

ಒಂದು ದೊಡ್ಡ ಕಪ್ಪೆಯ ಕಾಲಿಗೆ ಅಂಕಿಯ ಚೀಟಿ ಕಟ್ಟಿದ್ದ ದಾರ ಇಳಕಲ್ ಸೆರಗಿನ ಕೆಂಪು! ಇಳಕಲ್ ಸೀರೆ ನೇಯುವ ನಮ್ಮ ಹುನಗುಂದದ ಕಡೆಯವರಿಗೆ ಆ ಕೆಂಪು ಗುರುತಿಸಲು ವಿದ್ಯೆ ಬೇಕಿಲ್ಲ. ಇದನ್ನು ಇಲ್ಲೇ ಹಿಡಿದು ಇಲ್ಲೇ ಕಟ್ಟಿದ್ದಾರೆಂದು ಅನುಮಾನಿಸಿ, ಹತ್ತಿರದ ಶಿರೂರಿನ ಬಾವಿಯಿಂದ ಕಪ್ಪೆಯೊಂದನ್ನು ತಂದು ಪಕ್ಕದಲ್ಲಿಟ್ಟೆ. ಅದೇ ಅಗಲ ತಲೆ, ಅದೇ ಜಾಲಪಾದ.

"ಏನಲೇ, ಕಪ್ಪಿ ಪಂಚನಾಮಿ ನಡಿಸಿಯೇನು?" ಎಂದರು ಸರ್.

"ಇದು ನಮ್ಮ ಕಡೀದ ಅನಸ್ತೈತ್ರಿ, ಸರ್."

"ಒಂದ ಮನಿತನದ್ದಪಾ. ಯಾವಾಗೋ ದೂರ ಹೋದ ತಮ್ಮ. ಅದನ್ನ ನಾ ಬರಿಯಾಕತ್ತೇನಿ."

ಅವರ ಹೆಂಡತಿ, ನಮಗೆಲ್ಲ ಅಕ್ಕನವರು, ಇಳಕಲ್ಲಿನ ಮಗಳು. ಅಡುಗೆಮನೆಯಿಂದಲೇ ಕೂಗಿದರು: "ಆ ಊರಾಗ ದಾರ ಎಲ್ಲಿ ಹುಡುಕೂದು? ನನ್ನ ಸೆರಗಿನ ಎಳಿ ಹರದು ಹರದು ಕಟ್ಟ್ಯಾರ. ನನಗೊಂದು ಹೊಸಾ ಸೀರಿ ಕೊಡಸಲಿಲ್ಲ, ಕಪ್ಪಿಗೆಲ್ಲಾ ಇಳಕಲ್ ಉಡಿಸ್ಯಾರ!"

ಸರ್ ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಉತ್ತರ ತೀರಾ ಬೇಗ ಬಂದಿತ್ತು. ಅಷ್ಟು ವರ್ಷ ಫಾರ್ಮಾಲಿನ್‌ನಲ್ಲಿ ನೆನೆದ ದಾರ ಕೆಂಪಗೇ ಉಳಿದೀತೇ?

"ನನ್ನ ಹೆಸರು ತಗೀರಿ, ಸರ್" ಎಂದೆ.

ಅವರು ಪೆನ್ನೆತ್ತಿ ಹೆಸರಿಗೆ ಗೆರೆ ಎಳೆದರು. "ಚಾ ಆಗೇತಿ, ಕುಡದ ಹೋಗು" ಎಂದರು, ಅಷ್ಟೇ. ಲೇಖನವನ್ನು ಯಾರೂ ಅಚ್ಚು ಹಾಕಲಿಲ್ಲ. ಸರ್ ಈಗಿಲ್ಲ, ಬರಣಿಗಳೂ ಇಲ್ಲ.

ಅಕ್ಕನವರು ನಿಜಕ್ಕೂ ಆ ಮಾತು ಆಡಿದರೋ, ನನ್ನ ಸಮಾಧಾನಕ್ಕೆ ನಾನೇ ಆಮೇಲೆ ಹೊಲಿದುಕೊಂಡೆನೋ, ತಿಳಿಯದು. ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದೇನೆ, ಬಿಸಾಡಲು ಮನಸ್ಸಿಲ್ಲ. ಒಂದನ್ನು ಮಾತ್ರ ಬಹಳ ಕಾಲದ ಮೇಲೆ, ವಂಶವಾಹಿಗಳನ್ನು ಹೋಲಿಸಿದವರ ಬರಹಗಳನ್ನು ಓದಿ ಖಚಿತಪಡಿಸಿಕೊಂಡೆ: ಆಫ್ರಿಕಾದ ಆ ಜಾತಿಯ ಕಪ್ಪೆ, ಸರ್ ಅಂದಂತೆಯೇ, ನಮ್ಮ ಬಾವಿಯ ಕಪ್ಪೆಗೆ ಹತ್ತಿರದ ನೆಂಟ, ಅದರ ಪೂರ್ವಜರು ಅಲ್ಲಿಗೆ ಹೋದದ್ದು ಏಷ್ಯಾದಿಂದ.