ಲಿಂಬೆಹಣ್ಣಿನ ಗೇಮ್ ಮಾಡಿದ ಸಲೀಮ ಹೋದ

ಸುಳ್ಳು ಅಂದ್ಕಂಡೆ...
ಫೋನ್ ಮಾಡಿದವನಿಗೆ ಬೈದು ಕಟ್ ಮಾಡ್ದೆ.
ಮತ್ತೆ ಮಾಡ್ದ. ಅಳ್ತಾ ಇದ್ದ.

ಸಲೀಮ ಹೋದ.
ಜ್ವರ ಅಂತ ಹುಬ್ಬಳ್ಳಿ ಆಸ್ಪತ್ರೆಗೆ ಕರ್ಕಂಡು ಹೋಗಿದ್ರು...
ಈಗ ಆಂಬುಲೆನ್ಸಲ್ಲಿ ವಾಪಸ್ ಬರ್ತಾ ಇದ್ದಾನೆ.

ಅಂವ ಬರೋದ್ರೊಳಗೆ, ಗೇಮಿಂಗ್ ಗ್ರೂಪಿನವ್ರೇ, ನಿಮ್ಮ ಸ್ಟೇಟಸ್ ಬಂತು.
"ಮಿಸ್ ಯೂ ಲೆಜೆಂಡ್."
ಥೂ.
ಲೆಜೆಂಡ್ ಅಂತೆ!
ಇದೇ ಬಾಯಲ್ಲಿ "ಲಾರಿ ಪೇಂಟರ್‌ಗೆ ಯಾಕೋ ಗೇಮು, ಬಂಪರಿಗೆ ಬಣ್ಣ ಬಳಿ ಹೋಗು" ಅಂದಿದ್ರಿ.

ಗೊತ್ತಿಲ್ದವ್ರಿಗೆ ಹೇಳ್ತೆ.
ಅಂವ ಶಿರಸಿ ಗ್ಯಾರೇಜಲ್ಲಿ ಲಾರಿಗೆ ಬಣ್ಣ ಹೊಡೀತಿದ್ದ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಅಲ್ಲೇ ವೆಲ್ಡಿಂಗು.
ಯೂಟ್ಯೂಬ್ ನೋಡಿ ಗೇಮ್ ಮಾಡೋದು ಕಲ್ತ.
ಹೀರೋ ಎಂತ?
ದೃಷ್ಟಿಗೆ ಲಾರಿ ಮುಂದೆ ಕಟ್ತಾರಲ... ಆ ಲಿಂಬೆಹಣ್ಣು, ಮೆಣಸಿನಕಾಯಿ.
ದಾರದಲ್ಲಿ ಜೋಕಾಲಿ ಹೊಡ್ಕೋತ ಲಾರಿಯಿಂದ ಲಾರಿಗೆ ಹಾರಿ ಘಾಟಿ ಇಳೀಬೇಕು.
ಗುಡ್ಡ, ಮೋಡ, ಎಮ್ಮೆ... ಎಲ್ಲ ಲಾರಿ ಹಿಂದಿನ ಪೇಂಟಿನ ಹಾಗೇ.
ಎಮ್ಮೆಗೂ ಕಾಡಿಗೆ ಹಚ್ಚಿದ ಕಣ್ಣು!

ಬಿದ್ರೆ ಸತ್ತೆ. ಹೊಸ ಲಿಂಬು ಬರ್ತದೆ.
ಆದ್ರೆ ಹಳೇದು ರಸ್ತೇಲೇ ಬಿದ್ದಿರ್ತದೆ. ಅದಕ್ಕೆ ತಾಗಿದ್ರೆ ಮತ್ತೆ ಸತ್ತೆ.
ಬಿಸಾಕಿದ ಲಿಂಬು ತುಳೀಬಾರ್ದು... ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.
ನಿಮಗೆ ಮಾತ್ರ ಅದು ಗೇಮಿನ ದೋಷ, "ಬಗ್ಗು".
ಒಂದು ಸ್ಟಾರ್ ಕೊಟ್ರಿ.

ಸಲೀಮಾ...
ನೀ ಅದಕ್ಕೂ ನಗಾಡ್ದೆ.
"ಇವ್ರು ಒಂದಾದ್ರೂ ಕೊಟ್ರಲ ಮಾರಾಯಾ, ನಮ್ಮಪ್ಪ ಅದೂ ಕೊಡ್ಲಿಲ್ಲ" ಅಂದೆ.
ನಂಗೆ ನಗು ಬರ್ಲಿಲ್ಲ. ಈಗ್ಲೂ ಬರ್ತಾ ಇಲ್ಲ.

ಕೇಳು...
ನಿನ್ನ ಆಂಬುಲೆನ್ಸು ಇನ್ನೂ ಮುಂಡಗೋಡ ದಾಟಿರ್ಲಿಲ್ಲ, ಯಲ್ಲಾಪುರದ ಗೇಮಿಂಗ್ ಗ್ರೂಪಿನ ಅಡ್ಮಿನ್ ಫೋನ್ ಮಾಡ್ದ.
"ಅವನ ಲ್ಯಾಪ್‌ಟಾಪ್ ನಿನ್ ಹತ್ರ ಇದ್ಯಲ, ಫೈಲ್ ಕಳ್ಸು. ಬಿದ್ದ ಲಿಂಬು ಎಲ್ಲ ತೆಗ್ದು, ಆರಾಮ ಆಡೋ ಹಾಗೆ ಮಾಡಿ, ಟ್ರಿಬ್ಯೂಟ್ ಬಿಡ್ತೇವೆ. ಸೋತಾಗ ಅವನ ಫೋಟೋ ಬರ್ತದೆ."
"ಫೋಟೋಕ್ಕೆ ಹಾರ ಯಾರು ಹಾಕ್ತಾರೆ, ನಿಮ್ಮಪ್ಪನಾ?" ಅಂದೆ.
"ಸಿಟ್ಟಾಗ್ಬೇಡ ಬ್ರೋ, ಅವನ ಹೆಸರು ಉಳೀತದೆ."
ಬಿದ್ದ ಲಿಂಬು ತೆಗ್ದ್ಮೇಲೆ ಅದು ನಿನ್ನ ಆಟ ಹ್ಯಾಂಗಾಯ್ತು?
ನಿನ್ನ ಹೆಸರು ಹಚ್ಕಂಡ ಅವಂದೇ ಆಟ!

ಲ್ಯಾಪ್‌ಟಾಪ್ ನಿಮ್ಮ ಮನೆಗೇ ಒಯ್ದು ನಿನ್ನ ಅಕ್ಕ ರುಬೀನಾ ಕೈಗೆ ಕೊಟ್ಟೆ. ವಿಷಯ ಹೇಳ್ದೆ.
ಕಣ್ಣು ಒರ್ಸ್ಕಂಡು ಕಪಾಟಿಗೆ ಬೀಗ ಹಾಕಿದ್ಲು.
"ಯಾರು ಬರ್ತಾರೋ ಬರ್ಲಿ" ಅಂದ್ಲು.

ಧೈರ್ಯ ಇದ್ದೋರು ಹೋಗಿ ಅವ್ಳ ಹತ್ರ ಫೈಲ್ ಕೇಳ್ರೋ.

ಸಂಜೆ ಮಣ್ಣು. ಸೆಲ್ಫಿ ಹೊಡೆಯೋರು ಬರೋದೇ ಬೇಡ.

ಹೋಗ್ಬಾ ದೋಸ್ತ...
ನೀ ಮಲಗೋ ಮಣ್ಣು ತಂಪಾಗಿರ್ಲಿ.
ಇನ್ನು ನಿನ್ನ ಜೀವಕ್ಕೆ ಯಾರ ಕಾಟವೂ ಬೇಡ.